ಇದಕ್ಕೆ ಬೆಸುಗೆ ಹಾಕೋಲ್ಲ, ಲಿಬ್ಬಿ

"ಓಟೋ ಅಂಕಲ್! ಸ್ವಲ್ಪ ಹೊರಗೆ ಬರ್ತೀರಾ? ಸ್ಮಶಾನದ ಹುಲ್ಲು ಕತ್ತರಿಸೋ ಗಾಡಿ ಕೈಕೊಡ್ತು!"

ಪಿಕಪ್ಪಿನ ಹಿಂದೆ ಕಟ್ಟಿದ್ದ ಟ್ರೇಲರಿನ ಪಟ್ಟಿ ಬಿಚ್ಚುತ್ತಲೇ ಲಿಬ್ಬಿ ಹ್ರೂಸ್ಕಾ ಕೂಗಿದಳು. ಅಂಗಡಿಯೊಳಗಿನಿಂದ ಉತ್ತರವಿಲ್ಲ. ರೇಡಿಯೋ ಮಾತ್ರ ತನ್ನಷ್ಟಕ್ಕೆ ಜೋಳದ ಧಾರಣೆ ಒದರುತ್ತಿತ್ತು.

ಜಾಕ್ ಕೊಟ್ಟು ಎತ್ತಿದ್ದ ಟ್ರ್ಯಾಕ್ಟರೊಂದರ ಅಡಿಯಿಂದ ಎರಡು ಬೂಟುಗಾಲು ಹೊರಚಾಚಿದ್ದವು. ಓಟೋ ಮುದುಕನ ಕಾಲುಗಳಲ್ಲ. ಉದ್ದ ಕಾಲುಗಳು... ಎಡಗಾಲು ತುಸು ಹೊರಕ್ಕೆ ತಿರುಗಿದ್ದು...

ಲಿಬ್ಬಿಯ ಕೈ ಪಟ್ಟಿಯ ಮೇಲೆಯೇ ನಿಂತುಬಿಟ್ಟಿತು.

ಇಲ್ಲ. ಅವನಲ್ಲ. ಅವನು ಇಲ್ಲಿಗೆ ಯಾಕೆ ಬರ್ತಾನೆ?

ಆದರೆ ತೆವಳಿಕೊಂಡು ಹೊರಬಂದವನು ಅವನೇ! ಡ್ವೇನ್ ಮಾರೆಕ್. ಕಿವಿಯ ಮೇಲೆ ನರೆ ಇಣುಕಿತ್ತು. ಕೆನ್ನೆ ಒಳಸೇರಿತ್ತು. ಕಣ್ಣು ಮಾತ್ರ ಹಾಗೇ ಇತ್ತು, ಬೈಸಿಕೊಳ್ಳಲು ಮೊದಲೇ ತಯಾರಾಗಿ ನಿಂತ ಕಣ್ಣು.

"ಲಿಬ್ಬಿ..."

"ಓಟೋ ಅಂಕಲ್ ಎಲ್ಲಿ?"

"ಅಪ್ಪ ಬಿದ್ದು ಸೊಂಟ ಮುರ್ಕೊಂಡ್ರು. ಆಸ್ಪತ್ರೇಲಿದಾರೆ. ನಾನು ನಿನ್ನೆ ಬಂದೆ." ಅವನು ಕೈಯನ್ನು ಚಿಂದಿಬಟ್ಟೆಗೆ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ಏನಾಯ್ತು ಗಾಡಿಗೆ?"

ತಿರುಗಿ ಹೋಗಿಬಿಡಲೇ? ಲಿಬ್ಬಿಗೆ ಹಾಗೆನ್ನಿಸಿತು. ಆದರೆ ನೆಬ್ರಾಸ್ಕಾದ ಈ ಟಾಬರ್‌ಫೀಲ್ಡ್ ಎಂಬ ಪುಟ್ಟ ಊರಿನಲ್ಲಿ ರಿಪೇರಿ ಅಂಗಡಿ ಇದ್ದದ್ದು ಇದೊಂದೇ. ಬರುವ ಸೋಮವಾರ ಮೆಮೋರಿಯಲ್ ಡೇ. ಮಡಿದ ಸೈನಿಕರ ಸಮಾಧಿಗಳಿಗೆ ಬಾವುಟ ನೆಡಲು ಊರಿಗೆ ಊರೇ ಸ್ಮಶಾನಕ್ಕೆ ಬರುತ್ತದೆ. ಅಲ್ಲಿ ನೋಡಿದರೆ ಹುಲ್ಲು ಮೊಣಕಾಲುದ್ದ ನಿಂತಿದೆ!

ಬೆಳಿಗ್ಗೆ ಸಂಜೆ ಶಾಲೆಯ ಬಸ್ಸು ಓಡಿಸುವ ಲಿಬ್ಬಿ, ನಡುವಿನ ಹೊತ್ತಿನಲ್ಲಿ ಚರ್ಚಿನ ಸ್ಮಶಾನದ ಹುಲ್ಲು ಕತ್ತರಿಸುತ್ತಿದ್ದಳು. ಯಾರೂ ಹೇಳಿದ್ದಲ್ಲ. ಅಲ್ಲಿ ಅವಳ ಅಮ್ಮ ಮಲಗಿದ್ದಳು, ಅದಕ್ಕೆ.

"ಡೆಕ್ಕು," ಎಂದಳು ಮುಖ ನೋಡದೆ.

ಕೂತು ಓಡಿಸುವ ಆ ಮೋವರಿನ ಹೊಟ್ಟೆಯಡಿ ನೇತಾಡುವ ಉಕ್ಕಿನ ತಟ್ಟೆಯೇ ಡೆಕ್ಕು. ಗಿರ್ರನೆ ತಿರುಗುವ ಬ್ಲೇಡುಗಳನ್ನು ಹಿಡಿದಿರುವುದೂ ಅದೇ, ಅವುಗಳಿಂದ ಹೊರಗಿನವರನ್ನು ಕಾಯುವುದೂ ಅದೇ. ಈಗ ಅದು ಒಂದು ಕಡೆ ಜೋತುಬಿದ್ದಿತ್ತು.

ಇಂಜಿನ್ ಅಕಸ್ಮಾತ್ ಶುರುವಾಗದಿರಲೆಂದು ಡ್ವೇನ್ ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರು ಕಿತ್ತು ಪಕ್ಕಕ್ಕೆ ಸರಿಸಿದ. ಆಮೇಲೆ ಮಂಡಿಯೂರಿ ಟಾರ್ಚು ಬಿಟ್ಟ. ಬ್ಲೇಡಿನ ಅಚ್ಚು ಕೂತಿದ್ದ ಜಾಗವನ್ನು ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿದ. ತುದಿ ಹಪ್ಪಳಕ್ಕೆ ಚುಚ್ಚಿದಂತೆ ಆಚೆಗೆ ಹೋಯಿತು!

ಅವನ ಮುಖದ ಬಣ್ಣವೇ ಇಳಿದುಹೋಯಿತು.

"ಪೂರಾ ತುಕ್ಕು. ಇದಕ್ಕೆ ಬೆಸುಗೆ ಹಾಕೋಲ್ಲ, ಲಿಬ್ಬಿ. ಡೆಕ್ಕೇ ಬದಲಾಯಿಸ್ಬೇಕು."

ಲಿಬ್ಬಿ ಮೊದಲ ಬಾರಿಗೆ ಅವನ ಕಣ್ಣಿಗೆ ಕಣ್ಣು ಕೊಟ್ಟಳು.

"ಈ ಮಾತು ಹತ್ತು ವರ್ಷದ ಹಿಂದೆ ನಿನ್ನ ಬಾಯಲ್ಲಿ ಬಂದಿದ್ರೆ, ನಮ್ಮಮ್ಮ ಬದುಕಿರ್ತಿದ್ಲು!"

ಡ್ವೇನ್ ಟಾರ್ಚು ಆರಿಸಿ ಎದ್ದು ನಿಂತ.

"ಶುಕ್ರವಾರದೊಳಗೆ ತರಿಸ್ತೀನಿ," ಎಂದನಷ್ಟೇ.

* * *

ಹತ್ತು ವರ್ಷದ ಹಿಂದೆ, ಆ ದಿನಗಳಲ್ಲಿ ಲಿಬ್ಬಿ ಲಿಂಕನ್ ಪಟ್ಟಣದ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದಳು. ವಾರದ ಕೊನೆಗೆ ಊರಿಗೆ ಬರುವುದು ಅಮ್ಮ ಅಪ್ಪನಿಗಾಗಿ ಎಂದು ಬಾಯಲ್ಲಿ ಹೇಳುತ್ತಿದ್ದಳು. ಬರುತ್ತಿದ್ದದ್ದು ಡ್ವೇನ್‌ಗಾಗಿ. ಮದುವೆ ನಿಶ್ಚಯವಾಗಿತ್ತು. ಅಮ್ಮ ವೆರಾ ಮದುವೆಗೆ ಯಾವ ಯಾವ ಹಣ್ಣು ತುಂಬಿದ ಕೊಲಾಚಿ ಬನ್ನು ಮಾಡಿಸಬೇಕು ಅಂತ ಫೋನಿನಲ್ಲೇ ಜಗಳ ತೆಗೆಯುತ್ತಿದ್ದಳು.

ಆ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅಪ್ಪ ಎಮಿಲ್ ಅಂಗಳದ ಹುಲ್ಲು ಕತ್ತರಿಸುತ್ತಿದ್ದ. ಅಮ್ಮ ಒಗೆದ ಬಟ್ಟೆ ಹರವುತ್ತಿದ್ದಳು. ಡ್ವೇನ್ ಬೇಸಗೆಯಲ್ಲಿ ಬೆಸುಗೆ ಹಾಕಿಕೊಟ್ಟಿದ್ದ ಡೆಕ್ಕು ಬಿರುಕು ಬಿಟ್ಟಿತು. ಅಚ್ಚು ಕಿತ್ತು ಬಂತು. ಬ್ಲೇಡಿನ ತುಂಡೊಂದು ಹಾರಿತು...

ಆಂಬುಲೆನ್ಸು ಬರುವ ಹೊತ್ತಿಗೆ ಅಮ್ಮ ಇರಲಿಲ್ಲ.

ವಿಚಾರಣೆಗೆ ಬಂದವರ ಮುಂದೆ ಎಮಿಲ್ ಹೇಳಿದ್ದು ಒಂದೇ ಮಾತು. "ಮಾರೆಕ್ ಹುಡುಗ ಬೆಸುಗೆ ಹಾಕಿದ್ದು." ಡ್ವೇನ್ ಹೌದು ಎಂದ. ಅದರಾಚೆ ತುಟಿ ಬಿಚ್ಚಲಿಲ್ಲ.

ಮಣ್ಣು ಮಾಡಿದ ದಿನ, ಎಲ್ಲರೆದುರಿಗೆ ಲಿಬ್ಬಿ ಉಂಗುರ ಕಿತ್ತು ಅವನ ಎದೆಗೆ ಎಸೆದಿದ್ದಳು. "ಹೋಗು! ನಿನ್ನ ಮುಖ ನನಗೆ ತೋರಿಸ್ಬೇಡ!"

ಅವನು ಹೋದ. ಹೋಗಿಯೇಬಿಟ್ಟ.

ಆಮೇಲೆ ಲಿಬ್ಬಿ ಲಿಂಕನ್ನಿಗೆ ಹಿಂತಿರುಗಲಿಲ್ಲ. ಅಪ್ಪ ಮಾತು ಕಡಿಮೆ ಮಾಡಿದ. ಅಡುಗೆಮನೆಯಲ್ಲಿ ಇಬ್ಬರೂ ಎದುರುಬದುರು ಕೂತು ಪಾತ್ರೆಯ ಸದ್ದು ಕೇಳಿಕೊಂಡು ಉಣ್ಣುವುದು ರೂಢಿಯಾಯಿತು. ವಯಸ್ಸು ಮೂವತ್ತೈದಾಯಿತು. ಊರಿನವರು ವರ ತೋರಿಸುವುದನ್ನೂ ಬಿಟ್ಟರು.

* * *

ಬುಧವಾರ ಲಿಬ್ಬಿ ಕುಡುಗೋಲು ಹಿಡಿದು ಸ್ಮಶಾನಕ್ಕೆ ಹೋದಳು. ಅಮ್ಮನ ಸುತ್ತಲಾದರೂ ಕೈಯಿಂದಲೇ ಕೊಯ್ಯೋಣ ಎಂದುಕೊಂಡಿದ್ದಳು. ಮೋಡ ನೆಲಕ್ಕೆ ತಾಗುವಷ್ಟು ಕೆಳಗಿತ್ತು. ಗಾಳಿಗೆ ಹುಲ್ಲು ಮಲಗಿ ಮಲಗಿ ಏಳುತ್ತಿತ್ತು.

ಅಮ್ಮನ ಸಮಾಧಿಯ ಕಲ್ಲಿನ ಸುತ್ತ ಹುಲ್ಲು ಆಗಲೇ ಕೊಯ್ದಾಗಿತ್ತು!

ಕತ್ತರಿ ಹಿಡಿದು ಮಂಡಿಯೂರಿದ್ದವನು ಅವಳ ಹೆಜ್ಜೆ ಕೇಳಿ ಎದ್ದು ನಿಂತ.

"ಯಾರು ಹೇಳಿದ್ರು ನಿನಗೆ?" ಲಿಬ್ಬಿ ಕೂಗಿದಳು. "ಯಾರನ್ನ ಕೇಳಿ ಮುಟ್ಟಿದೆ?"

"ಯಾರೂ ಹೇಳ್ಲಿಲ್ಲ. ಗಾಡಿ ನನ್ನ ಹತ್ರ ಇದೆಯಲ್ಲ, ಅದಕ್ಕೆ..."

"ಅಮ್ಮನ ಹತ್ರ ಬರೋಕೆ ನಿನಗೆ ನಾಚಿಕೆ ಆಗಲ್ವಾ?"

"ಆಗುತ್ತೆ," ಎಂದ ಡ್ವೇನ್. "ಆದ್ರೂ ಬರ್ಬೇಕು ಅನ್ಸುತ್ತೆ. ನನ್ನನ್ನ 'ಬಡಕಲಾ' ಅಂತ ಕರೀತಿದ್ದಿದ್ದು ಅವರೊಬ್ರೇ. ಬಾಗಿಲಲ್ಲಿ ಕಂಡ ತಕ್ಷಣ ತಟ್ಟೆ ಹಾಕೋರು."

ಅಮ್ಮನ ದನಿಯನ್ನು ಹತ್ತು ವರ್ಷದಲ್ಲಿ ಯಾರೂ ಹೀಗೆ ಎದುರಿಗೆ ತಂದು ನಿಲ್ಲಿಸಿರಲಿಲ್ಲ. ಅಪ್ಪನಂತೂ ಹೆಸರೆತ್ತುತ್ತಿರಲಿಲ್ಲ.

ಅಳಬಾರದು. ಇವನ ಮುಂದೆ ಮಾತ್ರ ಅಳಬಾರದು!

"ಹೊರಡು," ಎಂದಳು.

ಅವನು ಕತ್ತರಿ ಹಿಡಿದುಕೊಂಡು ಹೊರಟ. ಗೇಟಿನವರೆಗೂ ಒಮ್ಮೆಯೂ ತಿರುಗಿ ನೋಡಲಿಲ್ಲ. ಲಿಬ್ಬಿಗೆ ಅದೇ ಹೆಚ್ಚು ಸಿಟ್ಟು ತರಿಸಿತು. ಹೋಗು ಅಂದರೆ ಸಾಕು, ಇವನಿಗೆ ಹೋಗುವುದೊಂದು ಗೊತ್ತು!

* * *

ಗುರುವಾರ ಹೊಸ ಡೆಕ್ಕಿನ ಖರ್ಚಿಗೆ ಚರ್ಚಿನ ಪಾದ್ರಿಗಳು ಒಪ್ಪಿಗೆ ಕೊಟ್ಟರು. ಅದನ್ನು ಹೇಳಿ ಹೋಗೋಣವೆಂದು ಬೆಳಗಿನ ಬಸ್ಸಿನ ಕೆಲಸ ಮುಗಿಸಿಕೊಂಡು ಲಿಬ್ಬಿ ಅಂಗಡಿಗೆ ಬಂದಳು. ಹೊರಗೆ ಅಪ್ಪನ ಟ್ರಕ್ಕು ನಿಂತಿತ್ತು!

ಅಪ್ಪನಾ? ಇಲ್ಲಿ? ಅಮ್ಮ ಹೋದಮೇಲೆ ಈ ಬೀದಿಗೇ ಕಾಲಿಡದ ಅಪ್ಪ?

ಒಳಗಿನಿಂದ ದನಿ ಕೇಳಿಬರುತ್ತಿತ್ತು. ಅವಳು ಬಾಗಿಲ ಬಳಿಯೇ ನಿಂತಳು.

"ಸ್ಮಶಾನದ ಕಮಿಟಿಗೆ ಹಿರಿಯ ನಾನು," ಎಮಿಲ್ ಗುಡುಗುತ್ತಿದ್ದ. "ಪಾದ್ರಿಗೇನು ಗೊತ್ತು ಕಬ್ಬಿಣದ ವಿಷಯ? ಇಗೋ, ದಪ್ಪ ತಗಡು ತಂದಿದೀನಿ. ಒಂದು ತೇಪೆ ಹಾಕು. ಇನ್ನೂ ಎರಡು ಬೇಸಗೆ ಬರುತ್ತೆ ಅದು."

"ಆಗಲ್ಲ ಮಿಸ್ಟರ್ ಹ್ರೂಸ್ಕಾ."

"ಏನು ಆಗಲ್ಲ? ಮೆಕ್ಯಾನಿಕ್ ಅಲ್ವಾ ನೀನು?"

"ಆವತ್ತೂ ಇದೇ ಮಾತು ಅಂದಿದ್ರಿ!"

ಡ್ವೇನ್ ದನಿ ಎತ್ತಿದ್ದನ್ನು ಲಿಬ್ಬಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಇದೇ ಅಂಗಡೀಲಿ, ಇದೇ ಜಾಗದಲ್ಲಿ ನಿಂತು ಅಂದಿದ್ರಿ. ತಗಡು ಸತ್ತುಹೋಗಿದೆ, ಬೇಡ ಅಂದೆ. ನಗಾಡಿದ್ರಿ. ನನ್ನ ಮಗಳನ್ನ ಸಾಕೋನು ಒಂದು ಬೆಸುಗೆಗೆ ಹೆದರ್ತಾನಾ ಅಂದ್ರಿ. ನನಗಾಗ ಇಪ್ಪತ್ತಾರು ವರ್ಷ. ನಿಮ್ಮ ಮುಂದೆ ಗಂಡಸು ಅನ್ನಿಸ್ಕೋಬೇಕಿತ್ತು. ಹಾಕಿಕೊಟ್ಟೆ. ಒಂದೇ ಒಂದು ವಾರಕ್ಕೆ, ಅಂಗಳದಲ್ಲಿ ಯಾರೂ ಇಲ್ಲದಾಗ ಮಾತ್ರ ಓಡ್ಸಿ ಅಂತ ಕೈ ಮುಗ್ದು ಹೇಳ್ದೆ. ಹೊಸ ಡೆಕ್ಕು ತರಿಸಿ ನಿಮ್ಮ ಬಾಗಿಲಿಗೆ ತಂದೆ. ನೀವು ಇಳಿಸೋಕೂ ಬಿಡ್ಲಿಲ್ಲ. ವಾಪಸ್ ಕಳಿಸಿದ್ರಿ!"

ಲಿಬ್ಬಿ ಬಾಗಿಲಿಗೆ ಇನ್ನೊಂದು ಹೆಜ್ಜೆ ಹತ್ತಿರವಾದಳು.

"ಒಂದು ಸಲ ಸೋತೆ," ಎಂದ ಡ್ವೇನ್. "ಈಗ ಈ ಗಾಡಿ ಮೇಲೆ ಕೂರೋಳು ಲಿಬ್ಬಿ. ನೀವು ನನ್ನ ಹೊಡೆದ್ರೂ ಸರಿ. ಹಾಕೋಲ್ಲ."

ಎಮಿಲ್ ಕೇಳಿದ, ಬೇರೆಯವರ ದನಿಯಲ್ಲಿ ಮಾತಾಡಿದ ಹಾಗೆ. "ಅವಳಿಗೆ ಹೇಳ್ತೀಯಾ?"

"ಹೇಳೋದಿದ್ರೆ ಆಗಲೇ ಹೇಳ್ತಿದ್ದೆ."

ಲಿಬ್ಬಿಯ ಕೈಯಲ್ಲಿದ್ದ ಕೀಗೊಂಚಲು ಜಾರಿ ಕಾಂಕ್ರೀಟಿಗೆ ಬಿತ್ತು.

ಇಬ್ಬರೂ ತಿರುಗಿದರು.

ಎಮಿಲ್ ಮಗಳ ಮುಖ ನೋಡಿದ. ಕೈಯಲ್ಲಿದ್ದ ತಗಡನ್ನು ಬೆಂಚಿನ ಮೇಲಿಡಲು ಹೋಗಿ ಗುರಿ ತಪ್ಪಿದ. ಅದು ನೆಲಕ್ಕೆ ಬಿದ್ದು ದೊಡ್ಡ ಸದ್ದು ಮಾಡಿತು. ಅವನು ಬೆಚ್ಚಿಬಿದ್ದ. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದ.

"ಅಪ್ಪಾ... ನಿಜಾನಾ?"

"ನಾನು ಸುಳ್ಳು ಹೇಳಿಲ್ಲ ಲಿಬ್ಬಿ. ಬೆಸುಗೆ ಹಾಕಿದ್ದು ಅವನೇ..."

"ಅಪ್ಪಾ!"

ಎಮಿಲ್ ಮುಖ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದ ಮಾತು ತುಂಡು ತುಂಡಾಗಿ ಬಂತು. "ಒಂದು ಮಾತು ಬಾಯಿಂದ ಹೋಯ್ತು. ಹೋದ ಮೇಲೆ ವಾಪಸ್ ತಗೊಳೋಕೆ ಧೈರ್ಯ ಬರ್ಲಿಲ್ಲ. ನಿಮ್ಮಮ್ಮ ಹೋದ್ಲು. ಗೊತ್ತಾದ್ರೆ ನೀನೂ ನನ್ನ ಬಿಟ್ಟು ಹೋಗ್ತೀಯ ಅಂತ..."

ಲಿಬ್ಬಿ ಅಪ್ಪನನ್ನು ನೋಡಿದಳು. ಬೈಯಬೇಕು ಅನ್ನಿಸಿತು. ಆ ಬಿಳಿ ತಲೆ, ಆ ನಡುಗುವ ಭುಜ... ಬೈಗುಳ ಬಾಯಿಗೆ ಬರಲಿಲ್ಲ. ಸಮಾಧಾನದ ಮಾತೂ ಬರಲಿಲ್ಲ.

"ಮನೆಗೆ ಹೋಗಪ್ಪ," ಎಂದಳು. "ಈಗ ಹೋಗು. ನಾನು ಬರ್ತೀನಿ. ಇವತ್ತೇ ಬರ್ತೀಯಾ ಅಂತ ಮಾತ್ರ ಕೇಳ್ಬೇಡ."

ಅವಳು ಡ್ವೇನ್‌ನತ್ತ ತಿರುಗಿಯೂ ನೋಡದೆ ಹೊರಟುಹೋದಳು. ಆ ದಿನ ಪಾದ್ರಿಗಳ ತಂಗಿಯ ಮನೆಯಲ್ಲಿ ಉಳಿದಳು. ಕೇಳಿದವರಿಗೆ ತಲೆನೋವು ಎಂದಳು.

* * *

ಶುಕ್ರವಾರ ಡೆಕ್ಕು ಬಂತು. ಕಪ್ಪು ಬಣ್ಣದ, ಎಲ್ಲೂ ಒಂದು ಗೀರಿಲ್ಲದ ಡೆಕ್ಕು.

ಡ್ವೇನ್ ಒಬ್ಬನೇ ಹಳೆಯದರ ಪಿನ್ನುಗಳನ್ನು ಎಳೆದು, ಬೆಲ್ಟು ಬಿಡಿಸಿ, ಅದನ್ನು ಗಾಡಿಯ ಪಕ್ಕದಿಂದ ಹೊರಕ್ಕೆ ಜಾರಿಸುತ್ತಿದ್ದ. ಬಾಗಿಲಲ್ಲಿ ನೆರಳು ಬಿತ್ತು.

"ಆ ಕಡೆ ನಾನು ಹಿಡ್ಕೋತೀನಿ," ಎಂದಳು ಲಿಬ್ಬಿ.

ಅವಳ ಕಣ್ಣು ಊದಿಕೊಂಡಿತ್ತು. ಇಬ್ಬರೂ ಸೇರಿ ಹೊಸದನ್ನು ಗಾಡಿಯಡಿ ತಳ್ಳಿದರು. ಅವನು ಒಂದೊಂದೇ ಕೊಂಡಿಗೆ ಪಿನ್ನು ತೂರಿಸಿದ. ಅವಳು ಬೆಲ್ಟನ್ನು ರಾಟೆಗಳ ಸುತ್ತ ಎಳೆದು ಕೂರಿಸಿದಳು. ಬ್ಲೇಡುಗಳು ನೆಲದಿಂದ ಎರಡೂ ಬದಿಗೆ ಒಂದೇ ಎತ್ತರದಲ್ಲಿವೆಯೇ ಎಂದು ಅವನು ಬಗ್ಗಿ ಬಗ್ಗಿ ಅಳೆದ. ಒಮ್ಮೆ ಸರಿಯಾಗಿದ್ದರೂ ಮತ್ತೆ ಅಳೆದ. ಮತ್ತೂ ಅಳೆದ.

"ಸರಿ ಇದೆ ಡ್ವೇನ್. ಸಾಕು."

"ಇನ್ನೊಂದ್ಸಲ..."

"ಸಾಕು ಅಂದೆ!" ಲಿಬ್ಬಿ ಅವನ ಕೈಯಿಂದ ಅಳತೆಪಟ್ಟಿ ಕಿತ್ತುಕೊಂಡಳು. ಕಿತ್ತುಕೊಂಡ ರಭಸಕ್ಕೆ ಕಟ್ಟೆಯೊಡೆಯಿತು. "ಯಾಕೋ ಹೇಳ್ಲಿಲ್ಲ? ಹತ್ತು ವರ್ಷ ಕಣೋ! ಹತ್ತು ವರ್ಷ ನಿನ್ನನ್ನ ಕೊಲೆಗಾರ ಅಂದ್ಕೊಂಡು ಬದುಕಿದೆ. ಅಂದ್ಕೊಂಡೂ ನಿನ್ನನ್ನ ಮರೆಯೋಕಾಗದೆ ನನ್ನನ್ನೇ ಬೈಕೊಂಡೆ. ಯಾಕೆ ಹೇಳ್ಲಿಲ್ಲ?"

"ನಿನಗೆ ಉಳಿದಿದ್ದಿದ್ದು ಅವರೊಬ್ರೇ ಲಿಬ್ಬಿ. ಅವರನ್ನೂ ಕಿತ್ಕೊಳ್ಳೋದು ಹೇಗೆ?"

"ಅದನ್ನ ತೀರ್ಮಾನ ಮಾಡೋಕೆ ನೀನ್ಯಾರು? ಅಪ್ಪನೂ ನನಗೋಸ್ಕರ ಮುಚ್ಚಿಟ್ರು, ನೀನೂ ನನಗೋಸ್ಕರ ಮುಚ್ಚಿಟ್ಟೆ. ಇಬ್ರೂ ಸೇರಿ ನನಗೇನು ಉಳಿಸಿದ್ರಿ? ಒಂದು ಸ್ಮಶಾನ!"

ಡ್ವೇನ್ ನೆಲದ ಮೇಲೆಯೇ ಕೂತುಬಿಟ್ಟ.

"ಒಳ್ಳೇತನದಿಂದ ಸುಮ್ನಿದ್ದೆ ಅಂತ ಅಂದ್ಕೋಬೇಡ," ಎಂದ ನಿಧಾನಕ್ಕೆ. "ನಿಮ್ಮಪ್ಪ ಹೇಳಿದ್ದು ಸುಳ್ಳಲ್ಲ. ಬೆಸುಗೆ ನನ್ನದೇ. ಬೇಡ ಅಂತ ಗೊತ್ತಿದ್ದೂ ಹಾಕಿದ ಕೈ ಇದೇ. ಇಲ್ಲಿಂದ ಹೋಗಿ ಡಕೋಟಾ ಕಡೆ ಅಂಗಡಿ ಅಂಗಡಿ ಸುತ್ತಿ ಕೆಲಸ ಮಾಡ್ದೆ. ಬೆಸುಗೆ ಹಾಕೋದನ್ನ ಬಿಟ್ಟೇಬಿಟ್ಟೆ. ನಿಮ್ಮಪ್ಪನ ಪಾಲು ಎಷ್ಟು, ನನ್ನ ಪಾಲು ಎಷ್ಟು ಅಂತ ಲೆಕ್ಕ ಹಾಕ್ತಾ ಹೋದ್ರೆ ವೆರಾ ಆಂಟಿ ವಾಪಸ್ ಬರ್ತಾರಾ?"

ಲಿಬ್ಬಿ ಅವನ ಎದುರಿಗೆ, ಅದೇ ಎಣ್ಣೆ ಮೆತ್ತಿದ ನೆಲದ ಮೇಲೆ ಕೂತಳು. ಅವಳು ಅಳುತ್ತಿದ್ದಳು. ಅವನೂ ಅಳುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಲಿಲ್ಲ.

"ನಿನ್ನನ್ನ ಪೂರ್ತಿ ಕ್ಷಮಿಸಿದೀನಿ ಅಂತ ಹೇಳೋಕೆ ಬರ್ತಿಲ್ಲ ನನಗೆ," ಎಂದಳು.

"ಕೇಳ್ತಾನೂ ಇಲ್ಲ."

"ಅಪ್ಪನನ್ನೂ ಕ್ಷಮಿಸೋಕೆ ಆಗ್ತಿಲ್ಲ. ಆದ್ರೆ ಬೆಳಿಗ್ಗೆ ಹೋಗಿ ನೋಡ್ದೆ. ನಿನ್ನೆಯಿಂದ ಏನೂ ತಿಂದಿರ್ಲಿಲ್ಲ. ಮೊಟ್ಟೆ ಬೇಯಿಸಿ ಕೊಟ್ಟು ಬಂದೆ." ಮೂಗು ಒರೆಸಿಕೊಂಡಳು. "ಅಮ್ಮ ಹೋದಮೇಲೆ ಮೊದಲನೇ ಸಲ ಅವಳ ಹೆಸರು ಹೇಳಿದ್ರು. ವೆರಾ ಇದ್ದಿದ್ರೆ ಉಪ್ಪು ಜಾಸ್ತಿ ಆಯ್ತು ಅಂತಿದ್ಲು, ಅಂದ್ರು. ಅಂದು ಅತ್ತುಬಿಟ್ರು."

* * *

ಶನಿವಾರವೂ ಮೋಡ ಸರಿಯಲಿಲ್ಲ. ಸ್ಮಶಾನದಲ್ಲಿ ಇವರಿಬ್ಬರ ಹೊರತು ಯಾರೂ ಇರಲಿಲ್ಲ.

ಡ್ವೇನ್ ಮೊದಲು ಸಾಲು ಸಾಲಿಗೂ ನಡೆದು, ಹುಲ್ಲಿನಲ್ಲಿ ಅಡಗಿದ್ದ ಕಲ್ಲು, ಮುರಿದ ಕೊಂಬೆ, ಗಾಳಿಗೆ ಉರುಳಿದ ಹೂದಾನಿಗಳನ್ನು ಆರಿಸಿ ಗೋಣಿಚೀಲಕ್ಕೆ ಹಾಕಿದ. ಅವನು ದೂರದ ಬೇಲಿಯಾಚೆ ಹೋಗಿ ನಿಂತು ಕೈಯೆತ್ತುವವರೆಗೆ ಲಿಬ್ಬಿ ಗಾಡಿ ಶುರು ಮಾಡಲಿಲ್ಲ.

ಡೆಕ್ಕು ಕೆಳಗಿಳಿಯಿತು. ಬ್ಲೇಡುಗಳು ತಿರುಗಿದವು. ಲಿಬ್ಬಿ ಬಗ್ಗಿ ಕಿವಿಗೊಟ್ಟಳು. ಕಡಕಡ ಸದ್ದಿಲ್ಲ, ಅದುರಾಟವಿಲ್ಲ. ಹಿಂದೆ ಒಂದೇ ಮಟ್ಟದ ಹಸಿರು ಪಟ್ಟೆ ಬಿಚ್ಚಿಕೊಳ್ಳುತ್ತ ಬಂತು.

ಸಾಲುಗಳನ್ನೆಲ್ಲ ಮುಗಿಸಿ, ಅಮ್ಮನ ಕಲ್ಲಿನ ಬಳಿ ಇಂಜಿನ್ ನಿಲ್ಲಿಸಿದಾಗ ಕಿವಿಯಲ್ಲಿ ಮೌನ ಗುಂಯ್‌ಗುಟ್ಟಿತು. ಡ್ವೇನ್ ಬೇಲಿ ದಾಟಿ ಬಂದು ಸ್ವಲ್ಪ ದೂರದಲ್ಲೇ ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಪ್ಪನ ಆಪರೇಷನ್ ಆಯ್ತು," ಎಂದ. "ಅವರು ಓಡಾಡೋ ಹಾಗಾದ್ಮೇಲೆ ಡಕೋಟಾಗೆ ವಾಪಸ್..."

"ಹೋಗ್ತೀಯಾ?"

"ನೀನು ಹೇಳಿದ್ರೆ ಹೋಗ್ತೀನಿ."

ಲಿಬ್ಬಿ ಗಾಡಿಯಿಂದ ಇಳಿದಳು. ಅವನ ಎದುರಿಗೆ ಬಂದು ನಿಂತಳು. ಅವನ ಕಾಲರಿಗೆ ಅಂಟಿದ್ದ ಹುಲ್ಲಿನೆಸಳೊಂದನ್ನು ತೆಗೆದಳು. ತೆಗೆದ ಕೈ ಅಲ್ಲೇ, ಅವನ ಎದೆಯ ಮೇಲೆ ಉಳಿಯಿತು. ಅದರಡಿ ಎದೆ ಹೊಡೆದುಕೊಳ್ಳುತ್ತಿತ್ತು.

"ನಾನು ಹೋಗು ಅಂದಿದ್ದೊಂದು ಕೇಳಿಸ್ತು ನಿನಗೆ. ಆಮೇಲಿಂದು ಏನೂ ಕೇಳಿಸ್ಲಿಲ್ಲ ಅಲ್ವಾ?"

"ಲಿಬ್ಬಿ..."

"ನಾಳೆ ಊಟಕ್ಕೆ ಬಾ. ಅಪ್ಪ ಇರ್ತಾರೆ. ಯಾರಿಗೂ ಮಾತು ಬರಲ್ಲ. ಮೂವರಿಗೂ ಕಷ್ಟ ಆಗುತ್ತೆ."

"ಗೊತ್ತು."

"ಆದ್ರೂ ಬರ್ತೀಯಾ?"

ಅವನು ಅವಳ ಕೈಯ ಮೇಲೆ ತನ್ನ ಕೈಯಿಟ್ಟ. ಮುರಿದೀತೆಂಬಂತೆ, ಮೆಲ್ಲಗೆ.

"ನೀನು ಕರೆದ್ರೆ ಬರ್ತೀನಿ."

"ಹತ್ತು ವರ್ಷದಿಂದ ಕರೀತಾನೇ ಇದೀನಿ ಕಣೋ..."